ಗುಳಿಗೆಯೊಂದಿಗೆ ಚೌಕಾಶಿ

ನಮ್ಮ ಹುಬ್ಬಳ್ಳಿಯ ದನದ ಪೇಟೆಯಲ್ಲಿ ಬೆಲೆಯನ್ನು ಬಾಯಿಯಿಂದ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಕೈಕೈ ಹಿಡಿದು ಮೇಲೊಂದು ಟವೆಲ್ ಹೊದಿಸುತ್ತಾರೆ. ಒಳಗೆ ಬೆರಳುಗಳು ಮಾತಾಡುತ್ತವೆ. ಎಷ್ಟು ಬೆರಳು ಹಿಡಿದರೆ ಅಷ್ಟು. ಬೆರಳನ್ನು ನಡುಗೆಣ್ಣಿನ ತನಕ ಮಾತ್ರ ಹಿಡಿದರೆ ಅರ್ಧ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಆದರೆ ಕೈ ಹಿಡಿದವನಿಗೆ ದರಕ್ಕಿಂತ ಹೆಚ್ಚು ತಿಳಿಯುತ್ತದೆ. ದಲ್ಲಾಳಿಯಾದವನು ಮೊದಲು ಓದುವುದು ಬೆರಳನ್ನಲ್ಲ, ಅಂಗೈಯನ್ನು. ಅಂಗೈ ಒದ್ದೆಯಾಗಿದ್ದರೆ ಆ ಮನುಷ್ಯನಿಗೆ ಅವಸರವಿದೆ, ಇಲ್ಲವೆ ಭಯವಿದೆ. ಅವನನ್ನು ಇನ್ನೊಂದು ಬೆರಳು ಒತ್ತಬಹುದು. ಈ ವಿದ್ಯೆಯ ಮೇಲೆಯೇ ನಾನು ಮನೆ ಕಟ್ಟಿದ್ದು.

ಒಂದು ಶನಿವಾರ, ಪೇಟೆಯ ದಿನ, ಆ ಟವೆಲ್ಲಿನ ಕೆಳಗೆ ನನ್ನ ಕೈಯೇ ನಡುಗಿತು.

ಆಗ ನನ್ನ ಮೇಲೆ ದೊಡ್ಡ ಹೊಣೆಯಿತ್ತು. ಧಾರವಾಡದಲ್ಲಿ ಶಾಲೆ ಕಲಿಸಿ ನಿವೃತ್ತರಾದ ಒಬ್ಬ ಶಿಕ್ಷಕಿ, ನಮ್ಮ ಕಡೆಯ ಮಾತಿನಲ್ಲಿ ‘ಅಕ್ಕೋರು’, ಅಲ್ಲೇ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಆಚೆಗಿದ್ದ ತಮ್ಮ ಹೊಲದಲ್ಲಿ ಶೆಡ್ ಕಟ್ಟಿಸಿ ಹೈನು ಶುರು ಮಾಡುವವರಿದ್ದರು. ಪೇಢೆ ಮಾಡುವವರೊಬ್ಬರಿಗೆ ಹಾಲು ಕೊಡುವ ಮಾತೂ ಆಗಿತ್ತು. ಶೆಡ್ಡಿನಲ್ಲಿ ಸಾಲಾಗಿ ಗೂಟ ಹೊಡೆಸಿಟ್ಟು, “ಇವು ತುಂಬೋದು ನಿಮ್ಮ ಕೆಲಸ. ನನಗ ಎಮ್ಮಿ ಗೊತ್ತಾಗೂದಿಲ್ಲ, ಮನಿಷಾರು ಗೊತ್ತಾಗ್ತಾರ,” ಅಂದಿದ್ದರು. ಅಂಥವರ ಕೆಲಸ ಕೆಟ್ಟರೆ ಪೇಟೆಯಲ್ಲಿ ಮುಖ ತೋರಿಸುವ ಹಾಗಿಲ್ಲ.

ಆ ಶನಿವಾರ ನಾನು ಕೈ ಹಿಡಿದದ್ದು ಕುಂದಗೋಳ ಕಡೆಯ ಹಿರಿಯ ದಲ್ಲಾಳಿಯದು. ಪೇಟೆಯೆಲ್ಲ ಅವರನ್ನು ಕಾಕಾ ಎನ್ನುತ್ತದೆ. ತಗಡಿನ ಚಪ್ಪರದ ಒಳಗೆ ಅವರು ಬರುವವರಲ್ಲ. ಗೇಟಿನ ಪಕ್ಕದ ಬೇವಿನ ಗಿಡದ ಕೆಳಗೇ ಅವರ ವ್ಯಾಪಾರ. ಬೇಕಾದವರು ಅಲ್ಲಿಗೆ ಹೋಗಬೇಕು. ಅದು ಅವರ ಗತ್ತು ಎಂದು ನಾವೆಲ್ಲ ತಿಳಿದಿದ್ದೆವು.

ಅವರು ಮಾರಲು ತಂದಿದ್ದ ಎಮ್ಮೆ ಚೆನ್ನಾಗಿತ್ತು. ಮೊದಲ ಬೆರಳು ಹಿಡಿದಿದ್ದೇನೆ, ಒಮ್ಮೆಗೇ ನನ್ನ ಎದೆ ಓಡತೊಡಗಿತು. ಕಾರಣವೇ ಇಲ್ಲ. ಉಸಿರು ಗಂಟಲಿಗಿಂತ ಕೆಳಗಿಳಿಯಲೊಲ್ಲದು. ಕಿವಿಯಲ್ಲಿ ಗುಂಯ್ ಎಂಬ ಸದ್ದು. ಸುತ್ತಲಿನ ದನ, ಜನ, ಚಹಾದ ಗಾಡಿ ಎಲ್ಲವೂ ಗಾಜಿನ ಆಚೆ ಸರಿದಂತೆ ಕಂಡವು. ಇಲ್ಲಿಯೇ ಬೀಳುತ್ತೇನೆ, ಈ ಸಗಣಿಯಲ್ಲಿಯೇ ನನ್ನ ಜೀವ ಹೋಗುತ್ತದೆ ಎಂದು ಖಾತ್ರಿಯಾಯಿತು. ಅನುಮಾನವಲ್ಲ, ಖಾತ್ರಿ.

“ತಮ್ಮಾ, ಕೈ ಏನೋ ಇದು, ಕಲಸಿದ ಹಿಟ್ಟಿನಂಗ ಆಗೇತಿ?”

“ಬಿಸಲ್ರಿ ಕಾಕಾ.”

“ಬಿಸಲು ನನಗೂ ಬಿದ್ದೈತಿ,” ಎನ್ನುತ್ತ ಅವರು ಇನ್ನೊಂದು ಬೆರಳು ಒತ್ತಿದರು.

ಒಪ್ಪಿಕೊಂಡೆ. ದರಕ್ಕಾಗಿ ಅಲ್ಲ, ಕೈ ಬಿಡಿಸಿಕೊಳ್ಳುವುದಕ್ಕೆ. ನೀರಿನ ತೊಟ್ಟಿಯ ಬಳಿ ಹೋಗಿ ತಲೆಗೆ ನೀರು ಹೊಯ್ದುಕೊಂಡೆ. ಸ್ವಲ್ಪ ಹೊತ್ತಿಗೆ ಎಲ್ಲವೂ ಇಳಿಯಿತು, ಏನೂ ಆಗಿಲ್ಲವೆಂಬಂತೆ.

ಅದು ಮತ್ತೆ ಬಂತು. ಮುಂದಿನ ವಾರ ಪೇಟೆಯಲ್ಲಿ, ಆಮೇಲೆ ಗೋಕುಲ ರಸ್ತೆಯ ಸಿಗ್ನಲ್ಲಿನಲ್ಲಿ ಬೈಕಿನ ಮೇಲೆ, ಆಮೇಲೆ ಮನೆಯಲ್ಲಿ ರೊಟ್ಟಿ ಮುರಿಯುವಾಗ. ಇದರ ಕೆಟ್ಟ ಗುಣವೆಂದರೆ, ಬಾರದ ಹೊತ್ತಿನಲ್ಲೂ ಅದು ನಮ್ಮನ್ನು ಬಿಡುವುದಿಲ್ಲ. ಈಗ ಬಂದೀತು, ಇಲ್ಲಿ ಬಂದೀತು ಎಂದು ಕಾಯುವುದೇ ಒಂದು ಉದ್ಯೋಗವಾಗುತ್ತದೆ. ಶುಕ್ರವಾರ ಬಂತೆಂದರೆ ನನ್ನ ಅಂಗೈ ತಾನಾಗಿಯೇ ಒದ್ದೆ. ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದೆ, ಮತ್ತೆ ಒದ್ದೆ. ಕೈ ಹೋದರೆ ನನ್ನ ಹತ್ತಿರ ಬೇರೇನಿದೆ?

ಹೃದಯದ್ದೇ ಇರಬೇಕೆಂದು ಮೊದಲು ಇಸಿಜಿ ಮಾಡಿಸಿದೆ. ರಕ್ತ ಪರೀಕ್ಷೆ, ಥೈರಾಯ್ಡ್ ಎಲ್ಲ ಆಯಿತು. ಎಲ್ಲ ಸರಿ ಇವೆ, ಮನೋವೈದ್ಯರನ್ನು ನೋಡಿ ಎಂದು ಚೀಟಿ ಕೊಟ್ಟರು. ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡೇ ಕೆಲವು ದಿನ ತಿರುಗಿದೆ. ನಮ್ಮ ಸೀಮೆಯಲ್ಲಿ ಯಾರಿಗಾದರೂ ‘ಧಾರವಾಡಕ್ಕ ಹೋಗು’ ಎಂದರೆ ಪೇಢೆ ತರಲು ಹೋಗು ಎಂದಲ್ಲ, ಹುಚ್ಚಿನ ಆಸ್ಪತ್ರೆಗೆ ಹೋಗು ಎಂದರ್ಥ. ಆ ಬೈಗುಳವನ್ನು ನಾನೇ ಎಷ್ಟು ಜನಕ್ಕೆ ಬೈದಿದ್ದೇನೋ.

ಕಡೆಗೆ ಹೆಂಡತಿಯೇ ಬಾಯಿ ಬಿಟ್ಟಳು. “ಎಮ್ಮಿ ಒಂದು ಹೊತ್ತು ಮೇವು ಬಿಟ್ಟರ ಡಾಕ್ಟರ ಮನಿ ಬಾಗಿಲಾ ಮುರೀತೀರಿ. ನಿಮಗ ಬಂದ್ರ ಮಾತ್ರ ನಾಚಿಕಿ. ಏಳ್ರಿ, ನಾನೂ ಬರ್ತೇನಿ.”

ದೇಶಪಾಂಡೆ ನಗರದ ಆ ಕ್ಲಿನಿಕ್ಕಿನಲ್ಲಿದ್ದ ಡಾಕ್ಟರು ಮಧ್ಯವಯಸ್ಸಿನ ಹೆಣ್ಣುಮಗಳು. ನಮ್ಮ ಕಡೆ ಹೆಣ್ಣುಮಕ್ಕಳನ್ನು ಗೌರವದಿಂದ ಕರೆಯುವಂತೆ ನಾನು ಅವರನ್ನು ಬಾಯಾರು ಎಂದೇ ಕರೆದೆ. ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಅವರು, “ಇದಕ್ಕ ಆತಂಕದ ಕಾಯಿಲೆ ಅಂತಾರ. ಒಮ್ಮಿಂದೊಮ್ಮೆಲೆ ಹಿಂಗ ಏರಿ ಬರೂದಕ್ಕ ಪ್ಯಾನಿಕ್ ಅಟ್ಯಾಕ್ ಅಂತಾರ. ಜೀವಾ ಹೋಗ್ತದ ಅನಸ್ತದ, ಹೋಗೂದಿಲ್ಲ,” ಎಂದರು. ಎರಡು ಗುಳಿಗೆ ಬರೆದರು. ಒಂದು ದಿನಾಲೂ ಮುಂಜಾನೆ ತಿಂಡಿಯಾದ ಮೇಲೆ. ಅದು ನಿಧಾನದ್ದು, ಕೆಲವು ವಾರ ಹಿಡಿಯುತ್ತದೆ. ಮೊದಮೊದಲು ಹೊಟ್ಟೆ ತೊಳಸಬಹುದು, ಚಡಪಡಿಕೆ ಒಂಚೂರು ಹೆಚ್ಚಲೂಬಹುದು, ಬಿಡಬಾರದು. ಇನ್ನೊಂದು ಸಣ್ಣದು, ತಡೆಯಲಾಗದಾಗ ಮಾತ್ರ. ಅದನ್ನು ನುಂಗಿದ ದಿನ ಗಾಡಿ ಹೊಡೆಯಬಾರದು.

ಪರಿಚಯದವರ ಕಣ್ಣಿಗೆ ಬೀಳಬಾರದೆಂದು ನಮ್ಮ ಓಣಿ ಬಿಟ್ಟು ದೂರದ ಔಷಧಿ ಅಂಗಡಿಗೆ ಹೋದೆ. ಅಂಗಡಿಯವರು ಚೀಟಿ ನೋಡಿ, “ಯಜಮಾನ್ರ, ಇದು ಖಿನ್ನತೆದ ಗುಳಿಗಿ. ಮನ್ಯಾಗ ಯಾರಿಗ್ರಿ?” ಎಂದರು.

“ಬೀಗರಿಗ್ರಿ,” ಎಂದೆ.

ಹೊರಗೆ ಬಂದು ಯೋಚಿಸಿದೆ. ಖಿನ್ನತೆಯೆಂದರೆ ದುಃಖ, ಬೇಸರ, ಮೂಲೆ ಹಿಡಿದು ಕೂರುವುದು. ನನಗೆ ದುಃಖ ಎಲ್ಲಿದೆ? ಊಟ ರುಚಿಸುತ್ತದೆ, ನಾಲ್ಕು ಜನರ ನಡುವೆ ನಗುತ್ತೇನೆ. ನನಗಿರುವುದು ಹೆದರಿಕೆ. ಎಮ್ಮೆ ಕೇಳಿದರೆ ಆಕಳು ಕಟ್ಟಿ ಕಳಿಸಿದ ಹಾಗಾಯಿತು ಇದು. ಆದರೂ ಡಾಕ್ಟರು ಬರೆದಿದ್ದಾರೆ, ಪೂರಾ ಬಿಡುವುದೂ ಬೇಡ ಎಂದು ಬ್ಲೇಡಿನಿಂದ ಗುಳಿಗೆಯನ್ನು ಎರಡು ಹೋಳು ಮಾಡಿದೆ. ನನ್ನ ಜನ್ಮದಲ್ಲಿ ಎದುರಿನವರು ಹೇಳಿದ ದರಕ್ಕೆ ನಾನು ಒಪ್ಪಿದ್ದಿಲ್ಲ. ಯಾರೇ ಏನೇ ಹೇಳಲಿ, ಅರ್ಧದಿಂದ ಶುರು ಮಾಡುವುದು. ಡಾಕ್ಟರೂ ಒಂದಿಷ್ಟು ಏರಿಸಿಯೇ ಹೇಳಿರಬೇಕಲ್ಲ!

ಹೊಟ್ಟೆ ತೊಳಸಿತು. ಕೂತಲ್ಲಿ ಕೂರಲಾಗದ ಚಡಪಡಿಕೆ ಬಂತು. ಕೆಲವು ದಿನ ಆ ಅರ್ಧವನ್ನೂ ಬಿಟ್ಟೆ. ಭಯ ಎಳ್ಳಷ್ಟೂ ಇಳಿಯಲಿಲ್ಲ. ಮಾಲು ಖೊಟ್ಟಿ ಎಂದು ತೀರ್ಮಾನಿಸಿದೆ. ಸಣ್ಣ ಗುಳಿಗೆ ಮಾತ್ರ ಬಹಳ ಛಲೋ ಅನ್ನಿಸಿತು. ನುಂಗಿ ಒಂದು ಚಹಾ ಕುಡಿಯುವಷ್ಟರಲ್ಲಿ ಎದೆ ಇಳಿಯುತ್ತಿತ್ತು, ಅಂಗೈ ಒಣಗುತ್ತಿತ್ತು. ಕೊಟ್ಟ ಕಾಸಿಗೆ ಇದು ಮಾಲು ಎಂದುಕೊಂಡು, ಅದನ್ನು ನುಂಗಿ ಪೇಟೆಗೆ ಹೋದೆ.

ಅಂದು ನವಲಗುಂದದ ಕಡೆಯ ರೈತನೊಬ್ಬ ತುಂಬುಗೆಚ್ಚಲಿನ ಎಮ್ಮೆ ತಂದಿದ್ದ. ಹೈನೆಮ್ಮೆ ನೋಡುವ ಕ್ರಮವೊಂದಿದೆ. ಹಲ್ಲು ಹಿಡಿದು ವಯಸ್ಸು ನೋಡಬೇಕು. ಹೊಟ್ಟೆಯ ಕೆಳಗಿನ ಹಾಲಿನ ನರ ಬೆರಳಿಗೆ ಸಿಗಬೇಕು. ನಾಲ್ಕು ಹೆಜ್ಜೆ ನಡೆಸಿ ಹಿಂಗಾಲು ಗಮನಿಸಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಕೆಚ್ಚಲು ತುಂಬಿದೆ ಎಂದು ಹಿಗ್ಗಬಾರದು. ಹಿಂದಿನ ಹೊತ್ತು ಹಿಂಡದೆ ಹಾಗೆಯೇ ತುಂಬಿಸಿಕೊಂಡು ಬರುವವರಿರುತ್ತಾರೆ. ನಾಲ್ಕೂ ಮೊಲೆಗಳನ್ನು ನಮ್ಮ ಕೈಯಿಂದಲೇ ಹಿಂಡಿ, ಧಾರೆ ಒಂದೇ ಸಮ ಬರುತ್ತದೆಯೋ ನೋಡಿ, ಆಮೇಲೆಯೇ ಟವೆಲ್ ತೆಗೆಯಬೇಕು. ಇದನ್ನು ನಾನು ಹೊಸಬರಿಗೆ ಕಲಿಸುವವನು. ನೀವೂ ಎಂದಾದರೂ ಎಮ್ಮೆ ಕೊಂಡರೆ ನೆನಪಿಡಿ.

ಅಂದು ನಾನು ಎರಡು ಮೊಲೆ ಹಿಂಡಿದೆ. ಉಳಿದವೂ ಹಾಗೇ ಇರುತ್ತವೆ ಬಿಡು ಅನ್ನಿಸಿತು. ಆ ‘ಬಿಡು’ ನನ್ನದಾಗಿರಲಿಲ್ಲ, ಗುಳಿಗೆಯದಾಗಿತ್ತು. ಹೆದರಿಕೆಯನ್ನು ಮಲಗಿಸಿದ್ದ ಅದು ನನ್ನ ಎಚ್ಚರವನ್ನೂ ಜೊತೆಗೇ ಮಲಗಿಸಿತ್ತು. ಒಣ ಅಂಗೈಯಿಂದ ವ್ಯಾಪಾರ ಕುದುರಿಸಿ, ಎಮ್ಮೆಯನ್ನು ಟೆಂಪೊದಲ್ಲಿ ಅಕ್ಕೋರ ಶೆಡ್ಡಿಗೆ ಕಳಿಸಿದೆ.

ಮರುದಿನ ಅವರ ಫೋನು. “ಏನ್ರಿ, ಈ ಎಮ್ಮಿ ಮೊಲಿ ಎಣಿಸಿ ತಂದೀರೋ, ಹಿಂಡಿ ತಂದೀರೋ?”

ಹೋಗಿ ನೋಡಿದೆ. ಹಿಂದಿನ ಒಂದು ಮೊಲೆ ಪೂರ್ತಿ ಕಟ್ಟಿತ್ತು. ಎಷ್ಟು ಎಳೆದರೂ ಹನಿಯಿಲ್ಲ. ಪೇಟೆಯಲ್ಲಿ ಕೈ ಬಿಟ್ಟ ಮೇಲೆ ವ್ಯಾಪಾರ ಹಿಂದಕ್ಕೆ ಹೋಗುವುದಿಲ್ಲ. ಎಮ್ಮೆಯನ್ನು ನಮ್ಮ ಹಿತ್ತಿಲಿಗೆ ಹೊಡೆಸಿಕೊಳ್ಳುತ್ತೇನೆ, ಬೇರೆಯದು ತಂದು ಕಟ್ಟುತ್ತೇನೆ ಎಂದೆ. ಅಕ್ಕೋರು ಬೈಯಲಿಲ್ಲ. ಖಾಲಿಯಾಗಲಿದ್ದ ಗೂಟ ನೋಡುತ್ತ, “ಪೇಢೆದವರಿಗೆ ಏನು ಹೇಳ್ಲಿ?” ಎಂದರಷ್ಟೆ.

ವಾಪಸು ಬರುವಾಗ ದಾರಿಯಲ್ಲಿ ಅದು ಬಂತು, ಹಿಂದೆಂದೂ ಬಾರದಷ್ಟು ಜೋರಾಗಿ. ಬೈಕು ನಿಲ್ಲಿಸಿದ್ದು ಹೇಗೋ ತಿಳಿಯದು. ರಸ್ತೆಯ ಅಂಚಿಗೆ ಕುಕ್ಕರಿಸಿದೆ. ಲಾರಿಗಳು ಹಾದಾಗ ನೆಲ ನಡುಗುತ್ತಿತ್ತೋ, ನಾನೋ. ಬೆರಳುಗಳು ಜೋಮು ಹಿಡಿದು ಕೊಕ್ಕೆಯಂತೆ ಸೊಟ್ಟಗಾದವು. ನನ್ನ ಬೆರಳುಗಳು! ಬಿಡಿಸಲು ನೋಡಿದೆ, ಆಗಲಿಲ್ಲ. ಸಣ್ಣ ಗುಳಿಗೆ ನುಂಗಿದರೆ ಎಮ್ಮೆ ನೋಡುವ ಕಣ್ಣು ಹೋಗುತ್ತದೆ, ನುಂಗದಿದ್ದರೆ ಕೈ ಹೋಗುತ್ತದೆ, ಎರಡರಲ್ಲಿ ಯಾವುದನ್ನು ಇಟ್ಟುಕೊಂಡು ಬದುಕಲಿ ಎಂದು ಆ ಧೂಳಿನಲ್ಲಿ ಕೂತು ಅತ್ತೆ. ಸಣ್ಣ ಗುಳಿಗೆ ಜೇಬಿನಲ್ಲೇ ಇತ್ತು. ಕೈ ಅಲ್ಲಿಗೇ ಹೋಯಿತು. ಅದೇಕೋ ತೆಗೆಯಲಿಲ್ಲ. ಉಸಿರು ಒಂದು ಹದಕ್ಕೆ ಬಂದ ಮೇಲೆ ನೇರವಾಗಿ ದೇಶಪಾಂಡೆ ನಗರಕ್ಕೆ ಹೋದೆ.

“ಬಾಯಾರ, ನೀವು ತಪ್ಪು ಮಾಲು ಕೊಟ್ಟೀರಿ,” ಎಂದೆ ಕೂರುವ ಮುಂಚೆಯೇ. “ನನಗ ದುಃಖ ಇಲ್ಲ, ಹೆದರಿಕಿ ಐತಿ. ಹೆದರಿಕಿಗೆ ದುಃಖದ ಗುಳಿಗಿ ಯಾಕ?”

“ತಲಿನೋವಿಗೆ ನುಂಗೋ ಆಸ್ಪಿರಿನ್ನ ಹೃದಯದವರಿಗೂ ಕೊಡ್ತಾರ, ಕೇಳೀರೇನು? ಅವರಿಗೆ ತಲಿನೋವು ಇರ್ತದೇನು?”

“ಇಲ್ಲರಿ.”

“ಮತ್ತ? ಈ ಗುಳಿಗಿ ಮೊದಲು ಖಿನ್ನತೆಗೆ ಅಂತ ಬಂತು, ಅದ ಹೆಸರು ಗಟ್ಟಿಯಾತು. ಆಮ್ಯಾಲೆ ನೋಡಿದ್ರ ಹೆದರಿಕಿಗೂ ಕೆಲಸ ಮಾಡ್ತದ. ಮಿದುಳಿನ್ಯಾಗ ಸೆರೊಟೋನಿನ್ ಅಂತ ಒಂದು ಪದಾರ್ಥ ಇರ್ತದ. ಮನಸಿನ ಬ್ಯಾಸರಕ್ಕ ಸಂಬಂಧಪಟ್ಟಂಗ, ಅಪಾಯ ಬಂತು ಅಂತ ಗಂಟಿ ಬಾರಿಸೋ ಜಾಗಕ್ಕೂ ಅದು ಸಂಬಂಧ. ನಿಮ್ಮಲ್ಲೆ ಆ ಗಂಟಿ ಸುಮ್ಮಸುಮ್ಮನ ಬಾರಸಾಕತ್ತದ. ಈ ಗುಳಿಗಿ ಅದನ್ನ ನಿಧಾನಕ್ಕ ಹದಕ್ಕ ತರ್ತದ.”

“ಹೆಂಗ ತರ್ತದ್ರಿ?”

“ಪೂರ್ತಿ ಯಾರಿಗೂ ಗೊತ್ತಿಲ್ಲ,” ಎಂದರು ನೇರವಾಗಿ. “ಬಹಳ ಮಂದಿಗೆ ಗುಣ ಆಗೂದು ಮಾತ್ರ ಗೊತ್ತದ. ನುಂಗಿದ ದಿನಾನ ಆಗೂದಿಲ್ಲ. ಮಿದುಳು ಅದಕ್ಕ ಹೊಂದಿಕೊಳ್ಳಲಿಕ್ಕೆ ವಾರಗಟ್ಟಲೆ ಬೇಕು. ಆ ಸಣ್ಣ ಗುಳಿಗಿ ಲಗೂನ ಹಿಡೀತದ ಖರೇ, ಆದ್ರ ಎಚ್ಚರಾ ಮಂಕ ಮಾಡ್ತದ, ದಿನಾ ತಗೊಂಡ್ರ ಚಟಾ ಆಗ್ತದ. ಇದು ಹಂಗಲ್ಲ.” ಅವರು ನನ್ನನ್ನೇ ನೋಡಿದರು. “ಒಂದು ಪೂರ್ತಿ ತಗೊಂಡೀರಿ ಹೌದಲ್ಲ?”

ನಾನು ಗೋಡೆಯ ಕಡೆ ನೋಡಿದೆ. ಜೊತೆಗೆ ಬರದಿದ್ದ ಹೆಂಡತಿಯೇ ಆ ಗೋಡೆಯಿಂದ ನನ್ನನ್ನು ದಿಟ್ಟಿಸುತ್ತಿದ್ದಾಳೇನೋ ಅನ್ನಿಸಿತು. “ಅರ್ಧ ಮಾಡಿಕೊಂಡಿದ್ದೆರಿ. ಅದನ್ನೂ ಕೆಲವು ದಿನ ಬಿಟ್ಟಿದ್ದೆರಿ.”

ಬಾಯಾರು ನಕ್ಕುಬಿಟ್ಟರು. “ಶುರುವಾತಿಗೆ ಅಂತ ನಾನ ಸಣ್ಣ ಪ್ರಮಾಣ ಬರದಿದ್ದೆ. ನೀವು ಅದರಾಗೂ ಅರ್ಧಾ ಮುರಿದ್ರಿ! ನೋಡ್ರಿ, ನಾ ಹೇಳಿದ್ದು ಚೌಕಾಶಿಗೆ ಜಾಗಾ ಇಟ್ಟು ಹೇಳಿದ ದರಾ ಅಲ್ಲ. ಅದ ಕಡೇ ದರ.”

ನನಗೆ ಅರ್ಥವಾಗುವ ಭಾಷೆಯಲ್ಲಿ ಅಷ್ಟು ದಿನ ಯಾರೂ ಮಾತಾಡಿರಲಿಲ್ಲ.

ಇನ್ನೊಂದು ಮಾತನ್ನೂ ಅವರು ಹೇಳಿದರು. ಗುಳಿಗೆ ಕೆಲಸ ಹಿಡಿಯುವ ತನಕ ಪೇಟೆಯಿಂದ ಓಡಿಹೋಗಬಾರದು. ಓಡಿದಷ್ಟೂ ಭಯ ಬೆನ್ನು ಹತ್ತುತ್ತದೆ. ಹೋಗಬೇಕು, ನಿಲ್ಲಬೇಕು, ಬಂದದ್ದು ಏರಿ ತಾನಾಗಿ ಇಳಿಯುವ ತನಕ ಅಲ್ಲೇ ಇರಬೇಕು. ಹಲ್ಲುಕಚ್ಚಿ ವ್ಯಾಪಾರ ಮಾಡಬೇಕೆಂದಿಲ್ಲ, ನಿಂತರೆ ಸಾಕು.

ಅಲ್ಲಿಂದಲೇ ಅಕ್ಕೋರಿಗೆ ಫೋನು ಹಚ್ಚಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ನನಗೆ ಆತಂಕದ ಕಾಯಿಲೆ, ಔಷಧಿ ಹಿಡಿಯಲು ಕೆಲವು ವಾರ ಬೇಕು, ಅಲ್ಲಿಯ ತನಕ ಟವೆಲ್ಲಿನ ಕೆಳಗೆ ಕೈ ಹಾಕುವುದಿಲ್ಲ, ಅವಸರವಿದ್ದರೆ ಬೇರೆ ದಲ್ಲಾಳಿಯನ್ನು ನೋಡಿಕೊಳ್ಳಿ. ದಲ್ಲಾಳಿಯ ಬಾಯಿಂದ ಬರಬಾರದ ಮಾತು ಇದು. ಫೋನು ಹಿಡಿದ ಕೈ ತೊಯ್ದಿತ್ತು.

“ಜ್ವರಾ ಬಂದ ಹುಡುಗರಿಗೆ ಪರೀಕ್ಷಾ ಮುಂದ ಹಾಕ್ತಿದ್ದೆ ನಾನು,” ಎಂದರು ಅಕ್ಕೋರು. “ಪೇಢೆದವರಿಗೆ ನಾ ಹೇಳ್ಕೋತೀನಿ. ಆದ್ರ ಆರಾಮಾದ ಮ್ಯಾಲೆ ನಾಕೂ ಮೊಲಿ ಹಿಂಡ್ರಿ.”

ಮರುದಿನದಿಂದ ಇಡೀ ಗುಳಿಗೆ. ಬ್ಲೇಡನ್ನು ಹೆಂಡತಿ ಎತ್ತಿಟ್ಟಳು. ಚಡಪಡಿಕೆ ಮತ್ತೆ ಬಂತು. ಈ ಸಲ ಬಿಡಲಿಲ್ಲ, ಬಾಯಾರಿಗೆ ಫೋನು ಮಾಡಿ ಕೇಳಿದೆ, ಇಳಿಯುತ್ತದೆ ಎಂದರು, ಇಳಿಯಿತು. ಮತ್ತೆ ತೋರಿಸಲು ಹೋದಾಗ ಅವರೇ ಪ್ರಮಾಣ ಏರಿಸಿದರು.

ಶನಿವಾರ ಪೇಟೆಗೆ ಹೋಗುವಾಗ ಟವೆಲ್ಲನ್ನು ಮನೆಯಲ್ಲೇ ಬಿಟ್ಟೆ. ಹೆಗಲ ಮೇಲೆ ಟವೆಲ್ಲಿಲ್ಲದ ದಲ್ಲಾಳಿ ಪೇಟೆಯಲ್ಲಿ ಹೇಗೆ ಕಾಣುತ್ತಾನೆಂದು ಕೇಳಬೇಡಿ. “ಏನ್ರಿ, ಟವೆಲ್ ಮಾರಿ ಚಾ ಕುಡಿದ್ರೇನು?” “ಈಗೇನು ದನಾ ನೋಡಾಕ ಬರ್ತೀರೋ, ಮಂದಿ ನೋಡಾಕೋ?” ನಗುತ್ತಿದ್ದೆ. ಚಪ್ಪರದ ಕಂಬಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಿದ್ದೆ. ಭಯ ಬರುತ್ತಿತ್ತು: ಮೊದಲು ಹೊಟ್ಟೆಯಲ್ಲಿ, ಆಮೇಲೆ ಎದೆಯಲ್ಲಿ, ಆಮೇಲೆ ಕಿವಿಯಲ್ಲಿ. ಗೇಟು ಕಣ್ಣೆದುರೇ ಇತ್ತು, ಕಾಲು ಆ ಕಡೆಗೇ ಎಳೆಯುತ್ತಿತ್ತು. ಕಂಬವನ್ನು ಹಿಂದಿನಿಂದ ಹಿಡಿದುಕೊಳ್ಳುತ್ತಿದ್ದೆ. ಏರುತ್ತಿತ್ತು, ಇನ್ನೂ ಏರುತ್ತಿತ್ತು, ಆಮೇಲೆ ಇಳಿಯುತ್ತಿತ್ತು. ಬೇವಿನ ಗಿಡದ ಕೆಳಗಿನಿಂದ ಕಾಕಾ ನನ್ನನ್ನೇ ನೋಡುತ್ತಿದ್ದರು. ಅವರು ಮಾತ್ರ ಚೇಷ್ಟೆ ಮಾಡಲಿಲ್ಲ.

ಗುಳಿಗೆ ಕೆಲಸ ಹಿಡಿದದ್ದು ಯಾವ ದಿನವೆಂದು ಹೇಳಲಾರೆ. ಸಂತೋಷವೇನೂ ಉಕ್ಕಲಿಲ್ಲ, ಮಂಪರೂ ಬರಲಿಲ್ಲ. ಒಂದು ಶುಕ್ರವಾರ ಊಟ ಮುಗಿಸಿ ಕೈ ತೊಳೆಯುವಾಗ, ಇವತ್ತು ಇಡೀ ದಿನ ಅಂಗೈ ಒರೆಸಿಕೊಂಡೇ ಇಲ್ಲವಲ್ಲ ಎಂದು ಹೊಳೆಯಿತು. ಹೊಳೆದ ಕೂಡಲೇ ಹೆದರಿಕೆಯಾಯಿತು. ಆದರೆ ಆ ಹೆದರಿಕೆ ಮೊದಲಿನಂತೆ ಮೇಲೇರದೆ, ಬಾಗಿಲಲ್ಲೇ ನಿಂತು ಹೋಯಿತು. ಎಚ್ಚರ ಮಾತ್ರ ನನ್ನದೇ ಆಗಿತ್ತು. ಸಣ್ಣ ಗುಳಿಗೆಯನ್ನು ಬಾಯಾರು ಅಷ್ಟರಲ್ಲಿ ನಿಲ್ಲಿಸಿದ್ದರು. ದೊಡ್ಡದನ್ನು ಈಗಲೂ ನುಂಗುತ್ತೇನೆ. ಬಿಡುವುದು ಎಂದು, ಹೇಗೆ ಎಂದು ಅವರು ಹೇಳುತ್ತಾರೆ. ಒಮ್ಮೆಲೇ ಬಿಡುವ ಮಾಲಲ್ಲ ಅದು.

ಟವೆಲ್ ಮತ್ತೆ ಹೆಗಲಿಗೇರಿತು. ಗೂಟಗಳು ಒಂದೊಂದಾಗಿ ತುಂಬುತ್ತ ಬಂದು ಕಡೆಯದೊಂದು ಉಳಿಯಿತು. ಅದಕ್ಕೊಪ್ಪುವ ಎಮ್ಮೆ ಇದ್ದದ್ದು ಕಾಕಾನ ಹತ್ತಿರ.

ಬೇವಿನ ಗಿಡದ ಕೆಳಗೆ ಹೋಗುವಾಗಲೇ ಎದೆ ಬಡಿಯತೊಡಗಿತು. ಮೊದಲ ಸಲ ಅದು ಬಂದ ಜಾಗ, ಅದೇ ಕೈ. ಎಮ್ಮೆಯ ಹಲ್ಲು ನೋಡಿದೆ, ನರ ಮುಟ್ಟಿದೆ, ನಡೆಸಿದೆ, ನಾಲ್ಕೂ ಮೊಲೆ ಹಿಂಡಿದೆ. ಇನ್ನು ನೆಪಗಳು ಉಳಿಯಲಿಲ್ಲ. ಟವೆಲ್ ಹಾಸಿದೆ. ಒಳಗೆ ಕೈ ಹಾಕಿದೆ.

ಒದ್ದೆಯಾಗಿತ್ತು. ನನ್ನದೇ ಎಂದುಕೊಂಡು ಗಾಬರಿಯಾದೆ. ಅಲ್ಲ. ನನ್ನದು ತುಸು ತೇವ, ಅಷ್ಟೆ. ಒದ್ದೆಮುದ್ದೆಯಾಗಿದ್ದುದು ಕಾಕಾನ ಅಂಗೈ. ಬೆರಳುಗಳು ಅದುರುತ್ತಿದ್ದವು. ನನ್ನ ಕೈ ಅವರ ಇನ್ನೊಂದು ಬೆರಳನ್ನು ಒತ್ತಲು ತಾನಾಗಿಯೇ ಸಿದ್ಧವಾಗಿತ್ತು. ಅಷ್ಟರಲ್ಲಿ ಅವರು ನನ್ನ ಕಿವಿಯ ಹತ್ತಿರ ಬಾಗಿದರು.

“ತಮ್ಮಾ, ಯಾ ಡಾಕ್ಟರೋ?”

“ಏನ್ರಿ ಕಾಕಾ?”

“ನಿನ್ನ ಕೈ ಹೆಂಗಿತ್ತು ಅನ್ನೂದು ನನಗ ಗೊತ್ತೈತಿ. ಈಗ ಹೆಂಗೈತಿ ಅನ್ನೂದೂ ಗೊತ್ತಾತು. ಯಾರ ಕಡೆ ತೋರಿಸಿದಿ?” ದೃಷ್ಟಿಯನ್ನು ಎಮ್ಮೆಯ ಮೇಲೆ ನೆಟ್ಟು ದರ ಮಾತಾಡುವವರಂತೆಯೇ ಹೇಳಿದರು. “ಆ ತಗಡಿನ ಕೆಳಗ ಮಂದ್ಯಾಗ ಕಾಲಿಟ್ಟು ಎಷ್ಟು ವರ್ಸಾತು. ಗತ್ತು ಅಂತಾರ. ಅನ್ಲಿ ಅಂತ ಸುಮ್ಮನಿದ್ದೆ.”

ಕೈ ಬಿಡಲಿಲ್ಲ ನಾನು. “ದೇಶಪಾಂಡೆ ನಗರರಿ. ನಾನ ಕರ್ಕೊಂಡು ಹೋಗ್ತೇನಿ.”

“ಧಾರವಾಡಕ್ಕಂತೂ ಅಲ್ಲ ಹೌದಲ್ಲೋ?”

“ಹುಬ್ಬಳ್ಳ್ಯಾಗನ ಮುಗೀತೈತಿ ಬರ್ರಿ. ಏನು ಕೊಡ್ತಾರೋ, ಎಷ್ಟು ಕೊಡ್ತಾರೋ ಬಾಯಾರಿಗೆ ಬಿಟ್ಟಿದ್ದು. ಅಂಗಡ್ಯಾವ ದುಃಖದ ಗುಳಿಗಿ ಅಂದ್ರ ಅನ್ಲಿ. ಆದ್ರ ಒಂದು ಮಾತು.” ಅವರ ತೋರುಬೆರಳನ್ನು ನಡುಗೆಣ್ಣಿನ ತನಕ ಹಿಡಿದೆ. “ಹಿಂಗಲ್ಲ.” ಆಮೇಲೆ ತುದಿಯಿಂದ ಬುಡದ ತನಕ ಇಡೀ ಬೆರಳನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದೆ. “ಹಿಂಗ. ಹೇಳಿದ್ದು ಪೂರ್ತಿ.”

ಬೆರಳು ಅದುರುತ್ತಲೇ ಇತ್ತು. ಹಾಗೆಯೇ ಹಿಡಿದುಕೊಂಡು ನಿಂತೆವು. ಸುತ್ತಲಿದ್ದವರು, ಇವರದು ದೊಡ್ಡ ವ್ಯಾಪಾರವೇ ಇರಬೇಕು ಎಂದು ಹತ್ತಿರ ಸರಿದರು.

ಕಾಕಾ ಇನ್ನೊಂದು ಕೈಯಿಂದ ಎಮ್ಮೆಯ ಬೆನ್ನು ತಟ್ಟಿದರು. “ಹಂಗಾರ ಎಮ್ಮಿಗೂ ಹೇಳಿದ್ದು ಪೂರ್ತಿ ಕೊಡು.”

“ಗುಳಿಗಿ ಮಾತು ಬ್ಯಾರೆ ಕಾಕಾ,” ಎಂದು ಅವರ ಮುಂದಿನ ಬೆರಳನ್ನು ನಡುಗೆಣ್ಣಿನ ತನಕ ಹಿಡಿದೆ.